ಅಕ್ಟೋಬರ್‌ನಲ್ಲಿ ತೋಟದ ಮದುವೆಗೆ ಶಾಮಿಯಾನ ಸಾಕಾ?

ಅಕ್ಟೋಬರ್ 18ಕ್ಕೆ ಹಿರಿಯೂರು ಹತ್ತಿರದ ತೋಟದಲ್ಲಿ ತಂಗಿ ಮದುವೆ, ಚಿತ್ರದುರ್ಗದ ಕಡೆ ಮಳೆ ಕಮ್ಮಿ ಅಲ್ವಾ, ಶಾಮಿಯಾನ ಸಾಕಾ ಅಂತ ಕೇಳಿದ್ದೀರಿ. ಸಾಲದು. ನಮ್ಮಲ್ಲಿ ಮಳೆ ಕಮ್ಮಿ ನಿಜ, ಆದರೆ ಬರೋದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜಾಸ್ತಿ. ನಿಮ್ಮ ದಿನಕ್ಕೆ ಚಿತ್ತಾ ನಕ್ಷತ್ರದ ಮಳೆ ನಡೆಯುತ್ತಿರುತ್ತದೆ. ಹೆಚ್ಚಾಗಿ ಮಧ್ಯಾಹ್ನದ ಮೇಲೆ ಗುಡುಗಿನ ಜೊತೆ ಬರುತ್ತದೆ. ಮುಹೂರ್ತ, ಊಟ ಎರಡೂ 2 ಗಂಟೆಯೊಳಗೆ ಮುಗಿಯಲಿ. ಆರತಕ್ಷತೆಗೆ ಊರೊಳಗೆ ಒಂದು ಕಲ್ಯಾಣ ಮಂಟಪ ನೋಡಿಡಿ.

ಬಟ್ಟೆ ಶಾಮಿಯಾನ ನೀರು ತುಂಬಿ ಜೋಲುತ್ತದೆ. ಅಡುಗೆಗೆ, ಊಟಕ್ಕೆ ಇಳಿಜಾರಾಗಿ ತಗಡಿನ ಚಪ್ಪರ ಹಾಕಿಸಿ.

ನೆಲ ಮಾತ್ರ ಮರೀಬೇಡಿ. ಎರೆ ಮಣ್ಣಾದರೆ ಕಾರು ಹೂತುಹೋಗುತ್ತದೆ. ನಮ್ಮಣ್ಣನ ಮದುವೆಯಲ್ಲಿ ಅಜ್ಜಿಯನ್ನು ಕೆಸರಲ್ಲಿ ಎತ್ತಿಕೊಂಡೇ ಬಂದೆವು, ಅದು ನನಗೆ ಇನ್ನೂ ಬೇಜಾರು. ರಸ್ತೆಯಿಂದ ಮಂಟಪದವರೆಗೆ ಗರಸು ಹಾಕಿಸಿ, ಒಂದು ವಾರ ಮೊದಲೇ.