ಹಸಿರು ಬಣ್ಣ ಆಮೇಲೆ, ಮೊದಲು ಕೊಂಬೆ

ದಸರಾ ಗೊಂಬೆ ಕೂರಿಸುವವರ ಪಾರ್ಕ್, ಶಾಲೆಯ ಪ್ರಾಜೆಕ್ಟ್, ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಮಾಡೆಲ್, ಎಲ್ಲಕ್ಕೂ ಪುಟ್ಟ ಮರ ಬೇಕು. ಪ್ರಶ್ನೆಗಳು ಮಾತ್ರ ಪ್ರತಿ ಸಲ ಅವೇ. ಕತ್ತರಿಸುವುದು, ಅಂಟಿಸುವುದು ನಿಮಗೆ ಬರುತ್ತದೆ ಎಂದುಕೊಂಡೇ ಉತ್ತರಿಸುತ್ತಿದ್ದೇನೆ.

ಸ್ಪಂಜಿನ ಉಂಡೆಗೆ ದುಬಾರಿ ಹಸಿರು ಬಣ್ಣ ಹಚ್ಚಿದೆ. ಆದರೂ ಕೋಲಿಗೆ ಚುಚ್ಚಿದ ಲಾಡಿನ ಹಾಗೆ ಕಾಣುತ್ತದೆ. ಯಾವ ಕಂಪನಿಯ ಬಣ್ಣ ತರಲಿ?

ಯಾವುದೂ ಬೇಡ. ತಪ್ಪು ಬಣ್ಣದ್ದಲ್ಲ, ನಿಮ್ಮ ಮರಕ್ಕೆ ಕೊಂಬೆಗಳೇ ಇಲ್ಲ. ಮೊದಲು ಹೊರಗೆ ಹೋಗಿ ಒಂದು ಮರ ನೋಡಿ. ಮಳೆಮರ ಎತ್ತರಕ್ಕಿಂತ ಅಗಲಕ್ಕೇ ಜಾಸ್ತಿ ಹರಡುತ್ತದೆ. ಮಾವು ದುಂಡಗೆ, ದಟ್ಟವಾಗಿ ಬೆಳೆಯುತ್ತದೆ. ಯಾವ ಮರ ಮಾಡುತ್ತೀರಿ ಎಂದು ತೀರ್ಮಾನಿಸದೆ ಕೈ ಹಾಕಬೇಡಿ. ಅಳತೆಯನ್ನೂ ಆಗಲೇ ಲೆಕ್ಕ ಹಾಕಿ. 1:100 ಮಾಡೆಲ್‌ನಲ್ಲಿ 15 ಮೀಟರ್ ಮರ ಎಂದರೆ 15 ಸೆಂಟಿಮೀಟರ್.

ಹಾರ್ಡ್‌ವೇರ್ ಅಂಗಡಿಯಲ್ಲಿ ಸೆಂಟ್ರಿಂಗ್ ಕೆಲಸದವರು ಕೊಳ್ಳುವ ಬೈಂಡಿಂಗ್ ವೈರ್ ತನ್ನಿ, ಅಗ್ಗ. 10 ಸೆಂಟಿಮೀಟರ್ ಮರಕ್ಕೆ 15 ಸೆಂಟಿಮೀಟರ್ ಉದ್ದದ ಹದಿನೈದು ಎಳೆ ಸಾಕು. ಕತ್ತರಿಸುವಾಗ ತುಂಡು ಕಣ್ಣಿಗೆ ಸಿಡಿಯುತ್ತದೆ. ಕನ್ನಡಕ ಹಾಕಿಕೊಳ್ಳಿ, ಮಕ್ಕಳ ಕೈಗೆ ಕಟಿಂಗ್ ಪ್ಲೇಯರ್ ಕೊಡಬೇಡಿ. ಎಲ್ಲ ಎಳೆಗಳನ್ನೂ ಒಟ್ಟಿಗೆ ಹಿಡಿದು, ಕೆಳಗೆ ಸ್ವಲ್ಪ ಬೇರಿಗೆ ಬಿಟ್ಟು ಕಾಂಡದ ಭಾಗವನ್ನು ತಿರುಚಿ. ಮೇಲಿನ ಎಳೆಗಳನ್ನು ಮೂರು ಪಾಲು ಮಾಡಿ ಒಂದೊಂದನ್ನೂ ತಿರುಚಿ, ಮತ್ತೆ ಪಾಲು ಮಾಡಿ. ತುದಿಗೆ ಬಂದಾಗ ಒಂದೊಂದೇ ಎಳೆ ಉಳಿಯಬೇಕು. ಕಾಂಡ ದಪ್ಪ, ತುದಿ ಸಣ್ಣ ತಾನಾಗಿಯೇ ಆಗುತ್ತದೆ.

ಇದು ಕಬ್ಬಿಣದ ತಂತಿ. ನೇರವಾಗಿ ಫೆವಿಕಾಲ್ ಬಳಿದರೆ ತುಕ್ಕಿನ ಕಲೆ ಮೇಲೆ ಬರಬಹುದು. ಮೊದಲು ಒಂದು ಕೋಟ್ ಎನಾಮೆಲ್ ಪೇಂಟ್ ಕೊಡಿ. ಅದು ಒಣಗಿದ ಮೇಲೆ ಫೆವಿಕಾಲ್‌ಗೆ ನುಣ್ಣನೆಯ ಮರದ ಪುಡಿ ಕಲಸಿ ತೆಳ್ಳಗೆ ಎರಡು ಸಲ ಹಚ್ಚಿ. ಕಾಂಡಕ್ಕೆ ಚಾಕೊಲೇಟ್ ಬಣ್ಣ ಬಳಿಯುವ ಅಭ್ಯಾಸ ದಯವಿಟ್ಟು ಬಿಡಿ. ನಮ್ಮ ರಸ್ತೆ ಬದಿಯ ಮರಗಳಲ್ಲಿ ಹೆಚ್ಚಿನವು ಬೂದು ಬಣ್ಣದವು, ನೋಡಿದ್ದೀರಿ ಅಲ್ವಾ?

ಈಗ ಎಲೆ. ಸ್ಪಂಜನ್ನು ಚೂರು ಮಾಡಿ, ನೀರು ಹಾಕಿ, ಅಡುಗೆಗೆ ಬಳಸದ ಹಳೆಯ ಮಿಕ್ಸಿ ಜಾರಿನಲ್ಲಿ ತರಿಯಾಗಿ ರುಬ್ಬಿ, ಹಿಂಡಿ, ಪೋಸ್ಟರ್ ಕಲರ್ ಕಲಸಿ ಒಣಗಿಸಿ. ಹಸಿರಿಗೆ ಹಳದಿ ಬೆರೆಸಿದ್ದು ಒಂದು, ಕಂದು ಬೆರೆಸಿದ್ದು ಇನ್ನೊಂದು. ಕೊಂಬೆಯ ತುದಿಗಳಿಗೆ ತೆಂಗಿನ ನಾರನ್ನು ಬಿಡಿಸಿ ಸಿಕ್ಕಿಸಿ, ನೀರು ಬೆರೆಸಿದ ಫೆವಿಕಾಲ್ ಸವರಿ. ಗಾಢ ಪುಡಿ ಕೆಳಗೆ, ತಿಳಿ ಪುಡಿ ಬಿಸಿಲು ಬೀಳುವ ಮೇಲ್ಭಾಗಕ್ಕೆ ಉದುರಿಸಿ. ಅಲ್ಲಲ್ಲಿ ಖಾಲಿ ಬಿಡಿ. ಕೊಂಬೆಗಳ ನಡುವೆ ಆಕಾಶ ಕಾಣದಿದ್ದರೆ ಮತ್ತೆ ಅದೇ ಉಂಡೆ.

ಥರ್ಮೋಕೋಲನ್ನು ಪೆಟ್ರೋಲಿನಲ್ಲಿ ಕರಗಿಸಿ ಕಾಂಡಕ್ಕೆ ಬಳಿಯಿರಿ ಎಂದು ವಿಡಿಯೋದಲ್ಲಿ ಹೇಳುತ್ತಾರೆ. ಮಾಡಬಹುದಾ?

ಖಂಡಿತ ಬೇಡ. ಕರಗುವುದು ನಿಜ. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೇ ಹರಿದು ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ. ಗೊಂಬೆಯ ಮುಂದೆ ದೀಪ ಉರಿಯುತ್ತಿರುವ ಮನೆಯಲ್ಲಿ ಇಂಥದ್ದನ್ನು ಕಲಿಸುವವರಿಗೆ ನಾಚಿಕೆಯಾಗಬೇಕು.

ಬೈಂಡಿಂಗ್ ವೈರ್ ಬದಲು ಹಳೆಯ ಕರೆಂಟ್ ವೈರ್ ಸುಟ್ಟು ತಾಮ್ರದ ತಂತಿ ತೆಗೆಯಬಹುದಾ?

ಸುಡಬೇಡಿ, ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್‌ನ ಹೊಗೆ ವಿಷ. ಬ್ಲೇಡಿನಿಂದ ಸಿಪ್ಪೆ ಸೀಳಿ ತೆಗೆಯಿರಿ.

ಸ್ಪ್ರೇ ಪೇಂಟ್ ಹೊಡೆದರೆ ಥರ್ಮೋಕೋಲ್ ಗುಡ್ಡ ತೂತು ಬೀಳುತ್ತದೆ, ಯಾಕೆ?

ಪೇಂಟಿನಲ್ಲಿರುವ ದ್ರಾವಕ ಅದನ್ನು ಕರಗಿಸುತ್ತದೆ. ಪೋಸ್ಟರ್ ಕಲರ್ ಬಳಸಿ.

ನಿಜವಾದ ಎಲೆ ಅಂಟಿಸಿದರೆ?

ಬಾಡುತ್ತದೆ. ಅಳತೆಯೂ ಕೂಡುವುದಿಲ್ಲ. ಬೇಡ.