ತಲೆಬುರುಡೆ ಬರೆಯೋದು ಬಿಟ್ಟು ದೇವರ ಚಿತ್ರ ಬರೆಯಬೇಕಾ?

ಬುರುಡೆ, ಎಲುಬು ಬರೆಯೋದು ಇಷ್ಟ, ಮನೆಯಲ್ಲಿ ಅಪಶಕುನ ಅಂತಾರೆ, ಸ್ವಲ್ಪ ಮುದ್ದುಮುದ್ದಾಗಿ ಬರೆದರೆ ಜನ ಒಪ್ಪುತ್ತಾರಾ, ಇಲ್ಲಾ ಗಣಪತಿ, ಹೂವು ಅಂತ ಶುರು ಮಾಡಲಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ನನ್ನ ಹಳೇ ಡೈರಿಯಿಂದ ಎತ್ತಿದ ಹಾಗಿದೆ.

ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ ಹಲ್ಲಿನ ಡಾಕ್ಟರ್ ಒಬ್ಬರ ಕ್ಲಿನಿಕ್ ಗೋಡೆ. ಅಸ್ಥಿಪಂಜರವೊಂದು ಕಾಲ ಮೇಲೆ ಕಾಲು ಹಾಕಿ ಕೂತು, ಬಾಯ್ತುಂಬ ನಗುತ್ತಾ ಹಲ್ಲುಜ್ಜುತ್ತಿರಬೇಕು. ಸ್ಕೆಚ್ ಕೂಡ ತೋರಿಸದೆ ನೇರ ಗೋಡೆ ಮೇಲೇ ಶುರು ಹಚ್ಚಿಕೊಂಡೆ. ಮುಗಿದ ಮೇಲೆ ಡಾಕ್ಟರ್ ಬಂದರು. ಹತ್ತಿರ ಹೋಗಿ ನೋಡಿದರು. "ಇದು ಎಲ್ಲಿಂದ ಬಾಯಿ ತೆಗೀತಿದೆ ರೀ?" ಅಂದರು.

ನನಗೆ ಅರ್ಥವೇ ಆಗಲಿಲ್ಲ. ಅಲ್ಲಿಯವರೆಗೆ ನಾನು ನೋಡಿದ್ದೆಲ್ಲಾ ಟೀ ಶರ್ಟ್ ಬುರುಡೆ, ಟ್ರಾನ್ಸ್‌ಫಾರ್ಮರ್ ಮೇಲಿನ 'ಅಪಾಯ' ಬೋರ್ಡಿನ ಬುರುಡೆ. ಅವನ್ನೇ ನೋಡಿ ಕಲಿತು, ಕೆಳದವಡೆಯನ್ನು ಕೆನ್ನೆ ಮೂಳೆಗೆ ನೇತುಹಾಕಿಬಿಟ್ಟಿದ್ದೆ. ನಿಜವಾದ ಕೀಲು ಇರೋದು ಕಿವಿಯ ಮುಂದೆ. ಕಿವಿ ಮುಂದೆ ಬೆರಳಿಟ್ಟು ಬಾಯಿ ತೆಗೆದು ಮುಚ್ಚಿ, ಏನೋ ಜಾರಿದ ಹಾಗೆ ಆಗುತ್ತಲ್ಲ, ಅದೇ. ದವಡೆಯ ಮೇಲ್ತುದಿಯಲ್ಲಿ ಮುಂದಕ್ಕೊಂದು ಚೂಪು ಇರುತ್ತೆ. ಅದು ಕೆನ್ನೆ ಮೂಳೆಯ ಕಮಾನಿನ ಒಳಗಡೆ ಹೋಗುತ್ತೆ, ಹೊರಗಲ್ಲ. ತಲೆಬುರುಡೆಯ 22 ಮೂಳೆಗಳಲ್ಲಿ ಅಲ್ಲಾಡೋದು ಈ ಕೆಳದವಡೆ ಒಂದೇ. ಮೇಲ್ದವಡೆ ತಲೆಗೆ ಕೂಡಿಕೊಂಡೇ ಇರುತ್ತೆ. ನಾನು ನಗು ಜಾಸ್ತಿ ಕಾಣಲಿ ಅಂತ ಅದನ್ನೂ ಎತ್ತಿ ಹಿಡಿದಿದ್ದೆ! ಹಲ್ಲುಗಳಂತೂ ಹಾರ್ಮೋನಿಯಂ ಕೀ ತರ ಎಲ್ಲಾ ಒಂದೇ ಅಳತೆ. ದೊಡ್ಡವರಿಗೆ ಇರೋದು 32, ಮೇಲೆ 16, ಕೆಳಗೆ 16. ಡಾಕ್ಟರ್ ಒಂದೊಂದಾಗಿ ಎಣಿಸಿದರು. ಎಣಿಕೆ ತಪ್ಪಿತ್ತು, ಕೋರೆ ಹಲ್ಲೇ ಇರಲಿಲ್ಲ. ಬೇರೆ ಯಾರ ಗೋಡೆ ಆಗಿದ್ದರೂ ನಡೆದುಹೋಗುತ್ತಿತ್ತು. ಆದರೆ ಹಲ್ಲಿನ ಡಾಕ್ಟರ್ ಗೋಡೆ ಮೇಲೆ ತಪ್ಪು ಹಲ್ಲು ಹೇಗೆ ನಡೆಯುತ್ತೆ ಹೇಳಿ? ಅಡ್ವಾನ್ಸ್ ವಾಪಸ್ ಕೊಟ್ಟೆ. ಗೋಡೆಗೆ ಮತ್ತೆ ಬಿಳಿ ಬಣ್ಣ ಹೊಡೆಸಿದ್ದೂ ನನ್ನ ಖರ್ಚಲ್ಲೇ. ಅವರ ಸ್ನೇಹಿತರಿಂದ ಬರಬೇಕಿದ್ದ ಕೆಲಸಗಳೂ ಕೈ ತಪ್ಪಿದವು.

"ಅಪಶಕುನ ಅಂತ ಅವತ್ತೇ ಹೇಳಿದ್ವಲ್ಲ" ಅಂದರು ಮನೆಯಲ್ಲಿ. ಅಪಶಕುನ ಏನು ಬಂತು, ದವಡೆ ತಪ್ಪಿತ್ತು ಅಷ್ಟೇ.

ಅದಕ್ಕೇ ನಿಮ್ಮ 'ಮುದ್ದಾಗಿ ಬರೆಯಲಾ' ಅನ್ನೋ ಮಾತು ನನಗೆ ಸುತಾರಾಂ ಒಪ್ಪಿಗೆಯಿಲ್ಲ. ಬುರುಡೆಗೆ ದೊಡ್ಡ ಕಣ್ಣು, ಗುಲಾಬಿ ಕೆನ್ನೆ ಕೊಟ್ಟರೆ ಅದು ಬುರುಡೆಯೂ ಅಲ್ಲ, ತಮಾಷೆಯೂ ಅಲ್ಲ. ಡಚ್ ಚಿತ್ರಗಾರ ವ್ಯಾನ್ ಗೋ 1886ರಲ್ಲಿ ಬೆಲ್ಜಿಯಂನ ಆಂಟ್ವರ್ಪ್ ಕಲಾಶಾಲೆಯಲ್ಲಿದ್ದಾಗ ಬರೆದ ಅಸ್ಥಿಪಂಜರ ನೋಡಿ. ಕತ್ತು, ಭುಜದ ಮೂಳೆ ಎಲ್ಲಾ ಪಾಠದ ಪ್ರಕಾರವೇ ಇದೆ. ಹಲ್ಲಿನ ನಡುವೆ ಮಾತ್ರ ಒಂದು ಉರಿಯೋ ಸಿಗರೇಟು. ಸುಮ್ನೆ ಸಿಕ್ಕಿಸಿಬಿಟ್ಟಿದ್ದಾನೆ. ಅದಕ್ಕಿಂತ ನನಗಿಷ್ಟ 1747ರಲ್ಲಿ ಬಂದ ಆಲ್ಬಿನಸ್ ಎಂಬ ಡಚ್ ವೈದ್ಯನ ಅಂಗರಚನೆಯ ಪುಸ್ತಕ. ಚಿತ್ರ ಬರೆದವನು ಯಾನ್ ವಾಂಡೆಲಾರ್. ಅಳತೆ ಒಂದಿಷ್ಟೂ ತಪ್ಪಬಾರದು ಅಂತ ದಾರ ಕಟ್ಟಿದ ಚೌಕಗಳ ಮೂಲಕ ಅಸ್ಥಿಪಂಜರ ನೋಡಿ ಬರೆದ. ಅಷ್ಟು ಕಷ್ಟಪಟ್ಟವನು ಹಿಂದೆ ಏನು ನಿಲ್ಲಿಸಿದ ಗೊತ್ತಾ? ಹುಲ್ಲು ಮೇಯೋ ಘೇಂಡಾಮೃಗ! ಅದರ ಹೆಸರು ಕ್ಲಾರಾ. ಬಂಗಾಳದಿಂದ ಹಡಗು ಹತ್ತಿ 1741ರಲ್ಲಿ ಹಾಲೆಂಡ್ ತಲುಪಿತ್ತು.

ಮೆಕ್ಸಿಕೋದ ಅಚ್ಚುಚಿತ್ರಗಾರ ಪೊಸಾದಾ ಮಾತ್ರ ಬೇರೆ. ಅವನ ಎಲುಬಿನ ಅಳತೆ ಅಷ್ಟೇನೂ ಪಕ್ಕಾ ಅಲ್ಲ. 1910ರ ಸುಮಾರಿಗೆ ಕೆತ್ತಿದ 'ಕತ್ರಿನಾ' ನೀವು ನೋಡಿರ್ತೀರಿ, ಗರಿ ಹೂವಿನ ದೊಡ್ಡ ಹ್ಯಾಟಿನ ಬುರುಡೆ. ತಮ್ಮ ಮೂಲ ಮರೆಮಾಚಿ ಯುರೋಪಿನವರ ತರ ಮೆರೆಯೋರಿಗೆ ಅದು ಏಟು. ಯಾರಿಗೆ ಚುಚ್ಚಬೇಕು ಅಂತ ಅವನಿಗೆ ಗೊತ್ತಿತ್ತು, ಅದಕ್ಕೇ ನಡೆಯಿತು. ನಿಮಗೂ ಅಂಥದ್ದೇನಾದರೂ ಹೇಳೋದಿದ್ದರೆ ಅಳತೆ ಮರೆತುಬಿಡಿ. ಇಲ್ಲದಿದ್ದರೆ ಮೊದಲು ಎಲುಬು ಕಲೀರಿ.

ಕಲಿಯೋಕೆ ಮೆಡಿಕಲ್ ಹುಡುಗರು ಕೊಳ್ಳೋ ಪ್ಲಾಸ್ಟಿಕ್ ಬುರುಡೆ ಸಾಕು. ದವಡೆ ಸ್ಪ್ರಿಂಗಿನಲ್ಲಿ ನಿಂತಿರುತ್ತೆ. ಸ್ಪ್ರಿಂಗ್ ಕಳಚಿ, ದವಡೆ ಒಂದನ್ನೇ ಕಿಟಕಿ ಪಕ್ಕ ಇಟ್ಟು ಬರೆಯಿರಿ. ಆಮೇಲೆ ಕಣ್ಣಿನ ಗುಳಿ. ಅದು ದುಂಡಗಿರೋದಿಲ್ಲ, ಮೂಲೆ ಸವೆದ ಚೌಕದ ತರ, ಹೊರಗಿನ ಅಂಚು ಕೆಳಗೆ ಇಳಿದಿರುತ್ತೆ. ನಿಜವಾದ ಮೂಳೆ ಕೊಡ್ತೀನಿ ಅಂತ ಯಾರಾದರೂ ಬಂದರೆ ಹತ್ತಿರ ಸೇರಿಸಬೇಡಿ. ಒಂದು ಕಾಲದಲ್ಲಿ ಹೊರದೇಶದ ಮೆಡಿಕಲ್ ಕಾಲೇಜುಗಳಿಗೆ ಕಲ್ಕತ್ತಾದಿಂದ ಅಸ್ಥಿಪಂಜರ ಹೋಗುತ್ತಿದ್ದವು. ಗೋರಿ ಅಗೆದು ಮಾರುತ್ತಾರೆ ಅನ್ನೋ ಗಲಾಟೆಯೂ ಇತ್ತು. 1985ರಲ್ಲಿ ಸರ್ಕಾರ ರಫ್ತು ನಿಲ್ಲಿಸಿತು.

ಇನ್ನು ಮನೆಯವರ ವಿಷಯ. ನಮ್ಮಮ್ಮನನ್ನು ಒಮ್ಮೆ ಹಾಸನದ ಹತ್ತಿರ ದೊಡ್ಡಗದ್ದವಳ್ಳಿಗೆ ಕರೆದುಕೊಂಡು ಹೋದೆ. ಹೊಯ್ಸಳರ ಕಾಲದ ಲಕ್ಷ್ಮೀದೇವಿ ಗುಡಿ. ಒಳಗೆ ಕಾಳಿಯ ಗರ್ಭಗುಡಿಯ ಆಚೆ ಈಚೆ ಆಳೆತ್ತರದ ಎರಡು ಬೇತಾಳ ನಿಂತಿವೆ, ಪಕ್ಕೆಲುಬು ಎಣಿಸಬಹುದು. "ನೋಡಮ್ಮ, ಲಕ್ಷ್ಮಿ ಮನೆಯಲ್ಲೇ ಇದ್ದಾವೆ" ಅಂದೆ. ಅಮ್ಮ ಕೈಮುಗಿದು, "ಗುಡಿಯದ್ದು ಗುಡಿಯಲ್ಲಿರಲಿ, ಹಾಲ್‌ನಲ್ಲಿ ಬೇಡ" ಅಂದರು. ಬುರುಡೆ ಚಿತ್ರವನ್ನು ನನ್ನ ರೂಮಲ್ಲಿ ಹಾಕಿಕೊಳ್ಳೋಕೆ ಮಾತ್ರ ಒಪ್ಪಿದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಅದರ ಮೇಲೂ ಒಂದು ಟವೆಲ್ ಬೀಳುತ್ತೆ. ನಾನು ಬೇಡ ಅನ್ನೋದಿಲ್ಲ. ನೀವೂ ರೂಮಿನ ಮಟ್ಟಿಗೆ ಕೇಳಿ ನೋಡಿ, ಹಾಲ್ ವಿಷಯ ಎತ್ತಲೇಬೇಡಿ.