ಎರಡು ಚೌಕಗಳ ನಡುವೆ ಬಿದ್ದ ಏಟು

ಪ್ರಶ್ನೆ: ಕಾಮಿಕ್ಸ್‌ನ ಚಿತ್ರಗಳನ್ನು ಇದ್ದ ಹಾಗೇ ತೆರೆಗೆ ತಂದರೂ ಕೆಲವು ಸಾಹಸ ಸಿನಿಮಾಗಳು ಸಪ್ಪೆ ಎನಿಸುತ್ತವಲ್ಲ, ಯಾಕೆ?
– ಓದುಗರು, ಡೊಂಬಿವಲಿ

ಉತ್ತರ: ಇದ್ದ ಹಾಗೇ ತಂದದ್ದೇ ಕಾರಣ. ಪುಟದ ಒಂದು ಚೌಕದಲ್ಲಿ ನಾಯಕ ಮುಷ್ಟಿ ಎತ್ತಿರುತ್ತಾನೆ, ಮುಂದಿನದರಲ್ಲಿ ಖಳ ನೆಲ ಕಚ್ಚಿರುತ್ತಾನೆ. ಏಟು ಬಿದ್ದದ್ದು ನಡುವಿನ ಬಿಳಿ ಪಟ್ಟಿಯಲ್ಲಿ, ಅದನ್ನು ಕಂಡದ್ದು ಓದುಗನ ಕಲ್ಪನೆ. ಸಿನಿಮಾಕ್ಕೆ ಆ ಪಟ್ಟಿಯೇ ಇಲ್ಲ. ಅಲ್ಲೇನಾಯಿತೆಂದು ನಿರ್ದೇಶಕ ಯೋಚಿಸದೇ ಹೋದರೆ ತೆರೆಯ ಮೇಲೆ ಉಳಿಯುವುದು ಬರೀ ಭಂಗಿ.

ಕಾಮಿಕ್ಸ್‌ನಿಂದಲೇ ಬಂದ ‘300’ ಸಿನಿಮಾ ಇದಕ್ಕೊಂದು ದಾರಿ ಕಂಡುಕೊಂಡಿತು. ದೊರೆ ಲಿಯೊನೈಡಸ್ ಶತ್ರುಗಳ ನಡುವೆ ನುಗ್ಗುವ ದೃಶ್ಯಕ್ಕೆ ಮೂರು ಕ್ಯಾಮೆರಾ, ಮೂರು ಬಗೆಯ ಲೆನ್ಸ್, ಎಲ್ಲವೂ ಏಕಕಾಲಕ್ಕೆ. ಸೆಕೆಂಡಿಗೆ ಹೆಚ್ಚು ಫ್ರೇಮ್, ಅಂದರೆ ಹೆಚ್ಚು ಬಿಡಿಚಿತ್ರ, ತೆಗೆದದ್ದರಿಂದ ಬೇಕಾದಲ್ಲಿ ನಿಧಾನ, ಬೇಕಾದಲ್ಲಿ ಚುರುಕು ಮಾಡಲು ಬಂತು. ಆಯುಧ ತಾಗುವ ಕ್ಷಣ ಚೌಕದಂತೆ ನಿಲ್ಲುತ್ತದೆ, ಮುಂದಿನವನತ್ತ ಇಡುವ ಹೆಜ್ಜೆ ಸರ್ರನೆ ಸರಿದುಹೋಗುತ್ತದೆ. 2003ರ ‘ಹಲ್ಕ್’ ಸಿನಿಮಾ ತೆರೆಯನ್ನೇ ಚೌಕಗಳಾಗಿ ಒಡೆಯಿತು. ಅದು ಒಳ್ಳೆಯ ದಾರಿಯಲ್ಲ. ಪುಟದಲ್ಲಿ ಕಣ್ಣು ತನ್ನ ಪಾಡಿಗೆ ಓಡಾಡುತ್ತದೆ. ತೆರೆಯಲ್ಲಿ ಚೌಕಗಳೆಲ್ಲ ಒಟ್ಟಿಗೆ ಅಲುಗಾಡಿದರೆ ನೋಟ ಎಲ್ಲೂ ನೆಲೆ ನಿಲ್ಲುವುದಿಲ್ಲ.

ಪ್ರಶ್ನೆ: ನಮ್ಮದೇ ಕಾಮಿಕ್ಸ್‌ನ ಆರು ಚೌಕದ ಹೊಡೆದಾಟವನ್ನು ಗೆಳೆಯರು ಸೇರಿ ಫೋನಿನಲ್ಲಿ ಆರು ಶಾಟ್ ಮಾಡಿ ತೆಗೆದೆವು. ಏಟು ಸುಳ್ಳೆಂದು ಗೊತ್ತಾಗುತ್ತದೆ, ಟ್ಯೂಬ್‌ಲೈಟ್ ಬೆಳಕು ಮಿಣುಕುತ್ತದೆ. ಏನು ಮಾಡಬೇಕು?
– ವಿದ್ಯಾರ್ಥಿಗಳು, ವಾಸ್ಕೋ

ಉತ್ತರ: ಕ್ಯಾಮೆರಾ ಪಕ್ಕದಲ್ಲಿಟ್ಟಿರಬೇಕು. ಪಕ್ಕದಿಂದ ನೋಡಿದರೆ ಮುಷ್ಟಿಗೂ ಕೆನ್ನೆಗೂ ನಡುವಿನ ಗೇಣು ಜಾಗ ಎದ್ದು ಕಾಣುತ್ತದೆ. ಏಟು ತಿನ್ನುವವನ ಬೆನ್ನ ಹಿಂದೆ ಬನ್ನಿ, ಅವನ ಭುಜದ ಮೇಲಿನಿಂದ ಹೊಡೆಯುವವನನ್ನು ನೋಡಿ. ಮುಖದಿಂದ ಒಂದೂವರೆ ಗೇಣು ಆಚೆ ಮುಷ್ಟಿ ಅಡ್ಡಡ್ಡ ಬೀಸಿಹೋಗಲಿ. ಕ್ಯಾಮೆರಾಕ್ಕೆ ಅದು ತಲೆಯ ಮರೆಗೆ ಸರಿದು ಆಚೆ ಬಂದಂತೆ ಕಾಣುತ್ತದೆ. ಮರೆಯಾದ ಆ ಕ್ಷಣಕ್ಕೇ ತಲೆ ಅದೇ ದಿಕ್ಕಿಗೆ ತಿರುಗಬೇಕು. ತಡವಾದರೆ ಎಂಥ ಸದ್ದು ಸೇರಿಸಿದರೂ ನಂಬಿಕೆ ಬರದು. ಮೊದಲು ಅರ್ಧ ವೇಗದಲ್ಲಿ ಹತ್ತು ಸಲ ಅಭ್ಯಾಸ ಮಾಡಿ, ಯಾರಿಗೂ ನಿಜವಾಗಿ ತಾಗಬಾರದು.

ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಆವರ್ತಕ್ಕೆ ಎರಡು ಸಲದಂತೆ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮ್ಯಾನುವಲ್ ಮೋಡ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಟ್ಟರೆ ಪ್ರತಿ ಫ್ರೇಮ್‌ಗೂ ಎರಡೆರಡು ಮಿನುಗು ಸಮನಾಗಿ ಸಿಕ್ಕಿ ಮಿಣುಕು ನಿಲ್ಲುತ್ತದೆ. ಅದೇ ಶಟರ್‌ನಲ್ಲಿ ಬೈನಾ ಬೀಚಿನ ಮಧ್ಯಾಹ್ನದ ಬಿಸಿಲಿಗೆ ಹೋದರೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರನ್ನು ಲೆನ್ಸ್‌ಗೆ ಹಾಕಿ, ಇಲ್ಲವೇ ಸಂಜೆಯವರೆಗೆ ಕಾಯಿರಿ.

ಇನ್ನು ಆರು ಚೌಕಕ್ಕೆ ಆರೇ ಶಾಟ್ ಸಾಲದು. ಪ್ರತಿ ಎರಡು ಚೌಕಗಳ ನಡುವೆ ಒಂದು ಖಾಲಿ ಚೌಕ ಎಳೆದು, ಕಾಲು ಎಲ್ಲಿಂದ ಎಲ್ಲಿಗೆ ಹೋಯಿತು, ಯಾರು ಯಾರನ್ನು ನೋಡಿದರು ಎಂದು ಪೆನ್ಸಿಲ್‌ನಲ್ಲಿ ಬಿಡಿಸಿ. ಹನ್ನೆರಡರ ಆಸುಪಾಸು ಶಾಟ್ ಆಗುತ್ತದೆ. ಪಾತ್ರಗಳ ಮಾತು ಬರೆಯುವ ಬಲೂನಿನಲ್ಲಿರುವುದನ್ನು ಅರ್ಧಕ್ಕೆ ಇಳಿಸಿ. ಕೈ ಬೀಸುತ್ತಲೇ ಎರಡು ವಾಕ್ಯ ಹೇಳುವವನು ಪುಟದಲ್ಲಿ ಚೆಂದ, ಕ್ಯಾಮೆರಾದ ಮುಂದೆ ಅವನಿಗೆ ಅಷ್ಟು ಉಸಿರಿರುವುದಿಲ್ಲ.